ಮದರ್ ತೆರೇಸಾ ಶಿಲಾಫಲಕ: ಜಾಗ, ಕಲ್ಲು, ಬರಹದ ಬಗ್ಗೆ ಸಲಹೆ ಬೇಕು (ಕಲಬುರಗಿ)

ಸ್ಟೇಷನ್ ರೋಡ್:
ನಮ್ಮ ಬಡಾವಣಿ ಸರ್ಕಲ್‌ನಾಗ ಮದರ್ ತೆರೇಸಾ ಅವರ ನೆನಪಿಗೆ 3×2 ಅಡಿ ಶಿಲಾಫಲಕ ಹಚ್ಚಬೇಕಂತ ಅದ. ಶಹಾಬಾದ್ ಕಲ್ಲು ಇಲ್ಲೇ ಸಿಗ್ತದ, ಅದೇ ಸಾಕೇನ್ರಿ? ಪಾಲಿಕೆ ಪರವಾನಗಿ ಹೆಂಗ? ಬರಹ ಹಿಂಗದ: "ಸಂತ ತೆರೇಸಾ. ಜನನ 27-8-1910, ಕಲ್ಕತ್ತಾ. ನೊಬೆಲ್ 1979, ಭಾರತ ರತ್ನ 1980."

ಕೋಟೆ ಬಾಗಿಲು:
ಮೊದಲು ಜಾಗ ಬದಲಿಸ್ರಿ. ರಸ್ತೆ, ಫುಟ್‌ಪಾತ್‌ನಾಗ ಹೊಸ ಪ್ರತಿಮೆಗೆ, ಕಟ್ಟಡಕ್ಕ ಪರವಾನಗಿ ಕೊಡಬ್ಯಾಡ್ರಿ ಅಂತ ಸುಪ್ರೀಂ ಕೋರ್ಟ್ 2013ರ ಜನವರಿ 18ಕ್ಕೆ ರಾಜ್ಯ ಸರ್ಕಾರಗಳಿಗೆ ಆದೇಶ ಕೊಟ್ಟದ. ಫಲಕ ಅಂದ್ರ ಪ್ರತಿಮೆ ಅಲ್ಲಲ್ಲ ಅಂತ ವಾದ ಮಾಡಬಹುದು, ಆದ್ರ ಅದಕ್ಕೊಂದು ಕಟ್ಟಿ ಕಟ್ಟಿದ್ರಿ ಅಂದ್ರ ವಾದ ಅಲ್ಲಿಗೇ ಮುಗೀತು. ರಸ್ತೆಗೆ ಮುಖ ಮಾಡಿದ ಚರ್ಚ್ ಅಥವಾ ಶಾಲಿ ಕಾಂಪೌಂಡ್ ಗೋಡಿಗೆ ಹಚ್ಚ್ರಿ. ಮಾಲೀಕರ ಒಪ್ಪಿಗಿ ಪತ್ರ, ಜಾಗದ ನಕ್ಷಿ, ಫಲಕದ ಅಳತಿ, ಪೂರ್ತಿ ಬರಹ ಇಷ್ಟು ಲಗತ್ತಿಸಿ ಪಾಲಿಕೆಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿ ಮ್ಯಾಲ ಸ್ವೀಕೃತಿ ಸೀಲು ಹಾಕಿಸ್ಕೊಳ್ರಿ. ಕೋಟೆ ಹತ್ತಿರ ಆದ್ರ ಕಥಿ ಬ್ಯಾರೆ: ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗ ಕಟ್ಟೋದು ನಿಷೇಧಿತ, ಅದರಾಚಿ 200 ಮೀಟರ್ ನಿಯಂತ್ರಿತ, ಅಂದ್ರ ಅನುಮತಿ ಬೇಕು. ಬೀದರ್‌ನವರಿಗೂ ಇದೇ ಲೆಕ್ಕ.

ಕಲ್ಲು ಕೆಲಸ:
ಶಹಾಬಾದ್ ಕಲ್ಲು ನೆಲಕ್ಕ ಛಲೋ, ಅಕ್ಷರಕ್ಕ ಅಲ್ಲ. ಸುಣ್ಣದ ಕಲ್ಲದು, ಪದರ ಪದರ ಇರ್ತದ. ಕೊರೆಯೋವಾಗ ಒತ್ತಕ್ಷರದ ಸಣ್ಣ ತುದಿ ಚಕ್ಕಳಿಕಿ ಎದ್ದು ಹೋಗ್ತದ. ಆಮ್ಯಾಲ ಯಾರೋ ಆಸಿಡ್ ಹಾಕಿ ತೊಳೀತಾರ, ಮುಖಾನೇ ತಿಂದುಬಿಡ್ತದ. 20 ಎಂಎಂ ಕರಿ ಗ್ರಾನೈಟ್ ತಗೊಳ್ರಿ. ಈ ಅಳತಿಗೆ ಸುಮಾರು 30-33 ಕಿಲೋ ತೂಕ ಬರ್ತದ, ಹಂಗಾಗಿ ಬರೀ ಸಿಮೆಂಟ್ ಹಾಲು ಬಳಿದು ಅಂಟಿಸಬ್ಯಾಡ್ರಿ. ಗ್ರಾನೈಟ್ ನೀರು ಹೀರೋದಿಲ್ಲ, ಹಿಂಬದಿ ನುಣುಪಿದ್ರ ಸಿಮೆಂಟ್ ಹಿಡಿಯೋದಿಲ್ಲ. ಮ್ಯಾಲ ಮೇ ತಿಂಗಳ ಬಿಸಿಲಿಗೆ ಕರಿ ಕಲ್ಲು ಕಾಯ್ತದ, ಗೋಡಿಗಿಂತ ಬ್ಯಾರೆ ರೀತಿ ಹಿಗ್ತದ, ಕಡೀಕೆ ಬಿಡ್ತದ. ಹಿಂಬದಿ ಒರಟು ಮಾಡಿಸಿ ಸ್ಟೋನ್ ಅಡೆಸಿವ್ ಹಚ್ಚ್ರಿ. ನಾಕೂ ಮೂಲಿಗೆ ಅಂಚಿನಿಂದ 2 ಇಂಚು ಒಳಗ ತೂತು, ಅದಕ್ಕ 304 ಸ್ಟೀಲ್ (ಸುಲಭಕ್ಕ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್) ಆಂಕರ್ ಬೋಲ್ಟ್. ತೂತು ಕಲ್ಲಿನ ಅಂಗಡ್ಯಾಗೇ ಕೊರೆಸ್ರಿ, ಗೋಡಿ ಮ್ಯಾಲ ಇಟ್ಟು ಕೊರೆದ್ರ ಮೂಲಿ ಸೀಳ್ತದ.

ಅಕ್ಷರ 2-3 ಎಂಎಂ ಆಳ ಇರ್ಲಿ. ಬಂಗಾರ ಬಣ್ಣದಾಗ ಹಿತ್ತಾಳಿ ಪುಡಿ ಇರ್ತದ, ಕಪ್ಪಾಗ್ತದ. ಬಿಳಿ ಎನಾಮಲ್ ಬಾಳಿಕಿ ಬರ್ತದ.

ಪ್ರೂಫ್ ನೋಡಾವ:
ಬರಹದಾಗ ಎರಡು ತಪ್ಪು ಅದಾವ. ಹುಟ್ಟಿದ್ದು ಆಗಸ್ಟ್ 26, 27 ದೀಕ್ಷಾಸ್ನಾನದ ದಿನ. ಊರು ಸ್ಕೋಪ್ಯೆ, ಈಗಿನ ಉತ್ತರ ಮ್ಯಾಸಿಡೋನಿಯಾದ ರಾಜಧಾನಿ. ಕಲ್ಕತ್ತಾಕ್ಕ ಬಂದದ್ದು 1929ರಾಗ. ಬರೀ "ಸಂತ ತೆರೇಸಾ" ಅಂದ್ರ ಇದೇ ಹೆಸರಿನ ಬ್ಯಾರೆ ಸಂತರು, ಆವಿಲಾದವರೋ, ಲಿಸ್ಯೂದವರೋ ಅಂತ ಚರ್ಚಿಗೆ ಹೋಗಾವರೇ ಕೇಳ್ತಾರ, "ಕೋಲ್ಕತ್ತದ ಸಂತ ತೆರೇಸಾ (ಮದರ್ ತೆರೇಸಾ)" ಅಂತ ಹಾಕ್ರಿ. ಸಂತ ಪದವಿ ದಿನಾನೇ ಬಿಟ್ಟೀರಿ: 4-9-2016. ನಿಧನ 5-9-1997. ಮಿಷನರೀಸ್ ಆಫ್ ಚಾರಿಟಿ 1950. ಇಷ್ಟು ಸಾಕು, ಹೊಗಳಿಕಿ ಸಾಲು ಬ್ಯಾಡ. ಕಲಬುರಗಿಗೆ ಬಂದಿದ್ರು ಅಂತ ದಾಖಲೆ ಕೈಯಾಗಿಲ್ಲದ ಕೆತ್ತಿಸಬ್ಯಾಡ್ರಿ. ಫಲಕ ಹಚ್ಚಿಸಿದವರ ಹೆಸರು ಅವರ ಹೆಸರಿಗಿಂತ ದೊಡ್ಡದಾಗಬಾರದು, ನಮ್ಮ ಕಡಿ ಇದೇ ಜಾಸ್ತಿ.

ಇನ್ನೊಂದು, ನುಡಿ ಫಾಂಟಿನ ಫೈಲ್ ಹಂಗೇ ಕಳಿಸಿದ್ರ ಕೆತ್ತೋರ ಕಂಪ್ಯೂಟರ್‌ನಾಗ ಆ ಫಾಂಟ್ ಇಲ್ಲದಿದ್ರ ಅಕ್ಷರ ಚೆಲ್ಲಾಪಿಲ್ಲಿ ಆಗ್ತಾವ. ಕೋರಲ್‌ಡ್ರಾ (ಡಿಸೈನ್ ಸಾಫ್ಟ್‌ವೇರ್)ದಾಗ ಕರ್ವ್ಸ್ ಮಾಡಿ, ಅಂದ್ರ ಅಕ್ಷರಾನ ಗೆರಿ ಚಿತ್ರ ಮಾಡಿ ಕಳಿಸ್ರಿ.

ಸ್ಟೇಷನ್ ರೋಡ್:
ಚರ್ಚ್ ಗೋಡಿ ಆಗ್ತದ, ಕೇಳ್ತೀವಿ. ಅಕ್ಷರದ ಎತ್ತರ ಎಷ್ಟಿರಬೇಕ್ರಿ?

ಪ್ರೂಫ್ ನೋಡಾವ:
10 ಅಡಿ ದೂರದಿಂದ ಆರಾಮ ಓದಾಕ 1 ಇಂಚು, ಹೆಸರಿಗೆ 2 ಇಂಚು. ಒತ್ತಕ್ಷರ ಕೆಳಗಿನ ಸಾಲಿನ ಗುಡಸಿಗೆ ಬಡೀದಂಗ ಸಾಲಿನ ನಡುವ ಮುಕ್ಕಾಲು ಇಂಚರೆ ಬಿಡ್ರಿ. ಫ್ಲೆಕ್ಸ್ ಅಂಗಡ್ಯಾಗ ಪೂರ್ತಿ ಅಳತಿದೊಂದು ಪ್ರಿಂಟ್ ತಗದು, ಅದೇ ಗೋಡಿಗೆ ಹಚ್ಚಿ ಓದಿ, ಆಮ್ಯಾಲ ಕೆತ್ತಾಕ ಹೇಳ್ರಿ.