ಆನೆಯ ಬುಕ್‌ಎಂಡ್ ಜೋಡಿ: ಇದು ಕಂಚೇ?

ಪ್ರಶ್ನೆ: ಅಮೆರಿಕದ ಒಹಾಯೊದಲ್ಲಿರುವ ನಾನು, ಪುಸ್ತಕಗಳು ವಾಲದಂತೆ ಎರಡೂ ಬದಿಗೆ ಆನಿಸಿಡುವ ಹಳೆಯ ಬುಕ್‌ಎಂಡ್‌ಗಳನ್ನು ಈಚೆಗೆ ಸಂಗ್ರಹಿಸತೊಡಗಿದ್ದೇನೆ. ಹಳೆಯ ಸಾಮಾನಿನ ಸಂತೆಯಲ್ಲಿ ಕಂಚಿನದೆಂದು ಹೇಳಿ ಮಾರಿದ ಆನೆಯ ಜೋಡಿಯೊಂದರಲ್ಲಿ ಸೊಂಡಿಲ ತುದಿಯ ಬಣ್ಣ ಸವೆದು ಬೂದುಬಣ್ಣ ಇಣುಕುತ್ತಿದೆ. ಲೋಹವನ್ನು ಗುರುತಿಸುವುದು ಹೇಗೆ?

ಉತ್ತರ 1: ಮೊದಲು ಅಯಸ್ಕಾಂತ ಹಿಡಿದು ನೋಡಿರಿ. ಕಚ್ಚಿಕೊಂಡರೆ ಅದು ಎರಕದ ಕಬ್ಬಿಣ. ಕಚ್ಚದೆ, ಸವೆದಲ್ಲಿ ಬೂದು ಕಾಣುತ್ತಿದ್ದರೆ ಬಹುಮಟ್ಟಿಗೆ ಸತುವಿನ ಮಿಶ್ರಲೋಹಕ್ಕೆ ಕಂಚಿನ ಬಣ್ಣ ಬಳಿದದ್ದು. ಒಳಗೆ ಗಾರೆ ತುಂಬಿ ಹೊರಗೆ ತೆಳುವಾದ ಕಂಚಿನ ಹೊದಿಕೆ ಕೊಟ್ಟವೂ ಆ ಕಾಲದಲ್ಲಿ ಧಾರಾಳವಾಗಿ ಬಂದಿದ್ದು, ಅಂಥವನ್ನು ನೀರಿನಲ್ಲಿ ನೆನೆಸಲೇಬಾರದು. ಹೊಳಪು ಕೊಡಲು ಹೋಗಿ ಹಳೆಯ ಮೈಬಣ್ಣವನ್ನು ಉಜ್ಜಿ ತೆಗೆದರೆ ಬೆಲೆಯೂ ಅದರೊಡನೆ ಹೋಗುತ್ತದೆ.

ಉತ್ತರ 2: ಒಹಾಯೊದಲ್ಲೇ ಇದ್ದೀರಾದ್ದರಿಂದ ಸಿನ್ಸಿನಾಟಿಯ ರೂಕ್‌ವುಡ್ ಕುಂಭಶಾಲೆಯ ಪಿಂಗಾಣಿ ಬುಕ್‌ಎಂಡ್‌ಗಳನ್ನೂ ಹುಡುಕಿರಿ. ಅಡಿಯಲ್ಲಿ ಆರ್ ಮತ್ತು ಪಿ ಅಕ್ಷರಗಳು ಬೆನ್ನಿಗೆ ಬೆನ್ನು ಕೂಡಿದ್ದು, ಸುತ್ತ 14 ಜ್ವಾಲೆಗಳಿರುತ್ತವೆ. ಕೆಳಗೆ ರೋಮನ್ ಅಂಕಿಯಲ್ಲಿ 28 ಎಂದಿದ್ದರೆ ಅದು 1928ರದ್ದು. ತಯಾರಾದ ವರ್ಷವನ್ನು ಇಷ್ಟು ನೇರವಾಗಿ ಹೇಳುವ ಗುರುತು ಕಬ್ಬಿಣದವುಗಳಲ್ಲಿ ಅಪರೂಪ.

ಪ್ರಶ್ನಿಸಿದವರು: ಅಯಸ್ಕಾಂತ ಕಚ್ಚಲಿಲ್ಲ. ಕಂಚಿನ ಬೆಲೆ ತೆತ್ತದ್ದಕ್ಕೆ ಬೇಸರವಿದ್ದರೂ, ಸೊಂಡಿಲೆತ್ತಿದ ಭಂಗಿ ಚೆನ್ನಾಗಿರುವುದರಿಂದ ಜೋಡಿಯನ್ನು ಇಟ್ಟುಕೊಳ್ಳುತ್ತೇನೆ.