ಪುಟ್ಟಿಯ ಸೋಲಾರ್ ದೀಪಕ್ಕೆ ದೊಡ್ಡಮ್ಮನ ಉತ್ತರ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ದೀಪಾವಳಿಗೆ ತಂದ ಸೋಲಾರ್ ದೀಪ ಈಗ ರಾತ್ರಿ ಎಂಟಕ್ಕೇ ಆರಿ ಹೋಗುತ್ತದೆ, ನಿಮ್ಮ ಅತ್ತೆ ಕತ್ತಲಲ್ಲೇ ಕೊಟ್ಟಿಗೆಗೆ ಹೋಗುತ್ತಾರೆ, ಹೆದರಿಕೆ ಆಗುತ್ತದೆ, ದೀಪ ಹಾಳಾಯ್ತಾ ಅಂತ ಕೇಳಿದ್ದೀಯ. ಪುನರ್ವಸು ಮಳೆ ಹೀಗೆ ಹೊಯ್ಯುವಾಗ ಅದು ಎಲ್ಲಿಂದ ಉರಿಯಬೇಕು ಮಾರಾಯ್ತಿ? ಬಿಸಿಲು ಕಂಡರೆ ತಾನೇ ಚಾರ್ಜು.

ದೊಡ್ಡಪ್ಪನ ಕತೆ ನಿಮಗೆಲ್ಲ ಗೊತ್ತೇ ಇದೆ. ಆದರೂ ಹೇಳುತ್ತೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಬಚ್ಚಲಿನಿಂದ ಕೊಟ್ಟಿಗೆವರೆಗೆ ಸಾಲಾಗಿ ದೀಪ ನೆಟ್ಟಿದ್ದರಲ್ಲ, ಬೇಸಿಗೆಯಲ್ಲಿ ಚಂದವೋ ಚಂದ, ಬಂದವರೆಲ್ಲ ನಿಂತು ಫೋಟೋ ತೆಗೆದದ್ದೇ ತೆಗೆದದ್ದು. ಆರಿದ್ರಾ ಹಿಡಿದ ಮೇಲೆ ಬರೀ ಮಿಣಮಿಣ. ಆ ಮಿಣಮಿಣಕ್ಕೂ ಹುಳ ಬರುತ್ತದೆ, ಹುಳಕ್ಕೆ ಕಪ್ಪೆ, ಕಪ್ಪೆಗೆ ಯಾರು ಬರುತ್ತಾರೆ ಅಂತ ನಾನು ಹೇಳಬೇಕಾ? ದನ ಕೂಗಿತು ಅಂತ ಇವರು ಬರಿಗೈಯಲ್ಲಿ ಇಳಿದರು. ದೀಪ ಇದೆಯಲ್ಲ, ಟಾರ್ಚು ಯಾಕೆ ಅಂತ ನನಗೇ ಜೋರು ಮಾಡಿದರು. ದೀಪದ ಬುಡದಲ್ಲಿ ಅಡಿಕೆ ಹಾಳೆ ಬಿದ್ದಿದೆ ಅಂದುಕೊಂಡು ಕಾಲಲ್ಲಿ ಸರಿಸಲು ಹೋದರೆ ನಾಗರಹಾವು ಬುಸ್ ಅಂತ ಹೆಡೆ ಎತ್ತಿತು. ಹಿಂದಕ್ಕೆ ಹಾರಿದವರು ಹಾವಸೆ ಮೇಲೆ ಜಾರಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ಹಾವು ಅದರ ಪಾಡಿಗೆ ಹೋಯಿತು.

ಮಳೆಗಾಲದಲ್ಲಿ ಸೋಲಾರ್ ದೀಪ ನಂಬಿ ಟಾರ್ಚು ಇಲ್ಲದೆ ಅಂಗಳಕ್ಕೆ ಇಳಿಯಬೇಡಿ.

ಆಮೇಲಿನದ್ದು ಕೇಳಬೇಡಿ. ಆ ರಾತ್ರಿ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಮರ ಬಿದ್ದು ತಂತಿ ಕಡಿದರೆ ಕೇಳುವವರಿಲ್ಲ, ಫೋನ್ ಮಾಡಿದರೆ ಎತ್ತುವವರಿಲ್ಲ, ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಯಾರ ನೀರಿನ ಕರೆಂಟು ಅದು? ಲಿಂಗನಮಕ್ಕಿ ಕಟ್ಟೆ 1964ರಲ್ಲಿ ಮುಗಿಯಿತು, ನಮ್ಮ ಮಾವನವರ ಮನೆ, ತೋಟ, ಗದ್ದೆ ಎಲ್ಲ ನೀರಿನಡಿ ಹೋಯಿತು. ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವಾಟ್. ಮುಳುಗಿದವರ ಮನೆಯಲ್ಲಿ ಚಿಮಣಿ! ಈ ಮಾತು ಎತ್ತಿದರೆ ಮಕ್ಕಳು, ಅಮ್ಮ ಮತ್ತೆ ಶುರು ಮಾಡಿದಳು ಅಂತ ಎದ್ದು ಹೋಗುತ್ತಾರೆ. ಹೋಗಲಿ ಬಿಡು.

ನಿಮ್ಮ ಅತ್ತೆಗೂ ಹೇಳು, ಅವರಿಗೆ ಹಟ ಜಾಸ್ತಿ: ಸೋಲಾರ್ ದೀಪ ನಂಬಿ ಟಾರ್ಚು ಬಿಟ್ಟು ಇಳಿಯಬೇಡಿ.

ಅಯ್ಯೋ, ನೀನು ಕೇಳಿದ್ದು ದೀಪ ಹಾಳಾಯ್ತಾ ಅಂತ ಅಲ್ವಾ. ಎಸೆಯಬೇಡ. ಮೊದಲು ಮೇಲಿನ ಪ್ಯಾನೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸು, ನಮ್ಮ ಕಡೆ ಪಾಚಿ ಕಟ್ಟುತ್ತದೆ. ಅಡಿಕೆ ಮರದ ನೆರಳಲ್ಲಿ ನೆಟ್ಟಿದ್ದರೆ ಬೇಸಿಗೆಯಲ್ಲೂ ಅಷ್ಟಕ್ಕಷ್ಟೇ. ಜಗಲಿಯ ಬಲ್ಬಿನ ಬೆಳಕು ಮೇಲೆ ಬೀಳುತ್ತಿದ್ದರೆ ಅದು ಹಗಲು ಅಂದುಕೊಂಡು ಹೊತ್ತಿಕೊಳ್ಳುವುದೇ ಇಲ್ಲ. ಸದ್ಯಕ್ಕೆ ಸ್ವಿಚ್ ಆಫ್ ಮಾಡಿ ಒಳಗೆ ಇಡು, ಮಳೆ ಬಿಟ್ಟ ಮೇಲೆ ನಾಲ್ಕು ದಿನ ಚೆನ್ನಾಗಿ ಬಿಸಿಲು ಕಾಣಿಸು. ಆಗಲೂ ಬೇಗ ಆರಿದರೆ ಒಳಗಿನ ಸೆಲ್ ಮುಗಿದಿದೆ. ಹಳೆಯದನ್ನು ಅಂಗಡಿಗೆ ಒಯ್ದು ಅದರ ಮೇಲೆ ಬರೆದದ್ದೇ ತೋರಿಸಿ ತಾ, ಸಣ್ಣ ದೀಪಕ್ಕೆ ಸಾಮಾನ್ಯವಾಗಿ 1.2 ವೋಲ್ಟಿನ ರೀಚಾರ್ಜ್ ಸೆಲ್. ಗಡಿಯಾರಕ್ಕೆ ಹಾಕುವ ಸೆಲ್ ಹಾಕಬೇಡ, ಸೋರುತ್ತದೆ. ಹೊಸದು ತರುವುದಾದರೆ ಪ್ಯಾನೆಲ್ ಬೇರೆ, ವೈರು ಉದ್ದ ಇರುವಂಥದ್ದು ತಾ, ಮಾಡಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಬಹುದು. ಕೊಟ್ಟಿಗೆ ದಾರಿಗೆ ಮಾತ್ರ ಒಂದು ಮಾಮೂಲಿ ಎಲ್‌ಇಡಿ ಬಲ್ಬ್ ಎಳೆಸಿ ಯುಪಿಎಸ್‌ಗೆ ಕೊಡಿಸು. ವೈರಿಂಗಿನ ಹುಡುಗನ ನಂಬರ್ ನಿನ್ನ ಚಿಕ್ಕಪ್ಪನ ಹತ್ತಿರ ಇದೆ.