1974ರ ಹಾಯಿದೋಣಿ, ಕೈಯಲ್ಲಿ 2,500 ಪೌಂಡ್: ಮೊದಲು ಯಾವ ಕೆಲಸ?

ಕೆಸರುದಂಡೆ:
ಎಲ್ಲರಿಗೂ ನಮಸ್ಕಾರ. ನಾನು ಕುಮಟಾದವನು, ಈಗ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿದ್ದೇನೆ. ಹೋದ ತಿಂಗಳು 1974ರ ವೆಸ್ಟರ್ಲಿ ಸೆಂಟಾರ್ ಕೊಂಡೆ. 26 ಅಡಿ ಉದ್ದ, ತಳದಿಂದ ಕೆಳಕ್ಕೆ ಚಾಚಿದ ಎರಡು ಕೀಲ್, ಅಂದರೆ ಭಾರದ ರೆಕ್ಕೆಗಳು. ಬ್ಲ್ಯಾಕ್‌ವಾಟರ್ ನದಿಯಲ್ಲಿ ನೀರಿಳಿದರೆ ಕೆಸರಿನ ಮೇಲೆ ಎಮ್ಮೆ ಹಾಗೆ ಕೂರುತ್ತದೆ. ದೋಣಿಗೆ ಕೊಟ್ಟಿದ್ದು 1,800 ಪೌಂಡ್, ರಿಪೇರಿಗೆ ಎತ್ತಿಟ್ಟಿದ್ದು 2,500. ಮೂಗಿಗಿಂತ ಮೂಗುತಿ ಭಾರ ಅಂತ ಹೆಂಡತಿ ಆಗಲೇ ಹೇಳಿ ಆಗಿದೆ.

ಒಳಗೆ ಚಾವಣಿಯ ರೆಕ್ಸಿನ್ ಜೋತುಬಿದ್ದಿದೆ. ಅದರ ಹಿಂದಿನ ಫೋಮ್ ಪುಡಿಯಾಗಿ ಚಹಾ ಲೋಟಕ್ಕೆ ಉದುರುತ್ತದೆ. ಕಿಟಕಿ ಸೋರುತ್ತದೆ, ಕುಶನ್‌ಗೆ ಬೂಷ್ಟು. ಹಾಯಿ ಹಳೆಯದು, ಆದರೆ ಹರಿದಿಲ್ಲ. ತಳದಲ್ಲಿ ಮೂರು ಸೀಕಾಕ್ ಇವೆ, ಅಂದರೆ ಪೈಪಿಗಾಗಿ ಕೊರೆದ ತೂತು ಮುಚ್ಚಿ ತೆರೆಯುವ ನಲ್ಲಿಗಳು. ಎರಡು ಹಳೇ ಕಾಲದವು, ಹಸಿರು ಕಿಲುಬು ಹಿಡಿದು ತಿರುಗುವುದೇ ಇಲ್ಲ. ಮೂರನೆಯದನ್ನು ಹಿಂದಿನ ಮಾಲೀಕರು ಹಾಕಿಸಿದ್ದು, ಪಳಪಳ ಹೊಳೆಯುತ್ತದೆ. ಆ ಎರಡನ್ನು ಕಿತ್ತೆಸೆದು ಹೊಸದು ಹಾಕಿ, ಉಳಿದ ದುಡ್ಡಲ್ಲಿ ಚಾವಣಿ, ಕುಶನ್, ದಾರಿಯ ನಕ್ಷೆ ತೋರಿಸುವ ಒಂದು ಚಾರ್ಟ್‌ಪ್ಲಾಟರ್ ಅಂತ ನನ್ನ ಲೆಕ್ಕ. ಸರಿ ಅಲ್ವಾ?

ನಟ್ಟುಬೋಲ್ಟು:
ಲೆಕ್ಕ ತಲೆಕೆಳಗಾಗಿದೆ. ಹಳೇ ಎರಡನ್ನು ಎಸೆಯಬೇಡಿ. ನನಗೆ ಅನುಮಾನ ಇರುವುದು ಆ ಹೊಳೆಯುವುದರ ಮೇಲೆ.

ಆ ಕಾಲದವು ಸಾಮಾನ್ಯವಾಗಿ ಕಂಚಿನವು, ಒಳಗೆ ಬುಡ ಸಣ್ಣಗಾಗುವ ಬಿರಡೆ ಇರುತ್ತದೆ. ದೋಣಿ ದಡಕ್ಕೆ ಬಂದಾಗ ಬಿಚ್ಚಿ, ಎಂಜಿನ್ ವಾಲ್ವ್ ಉಜ್ಜುವ ಪೇಸ್ಟ್ ಹಚ್ಚಿ, ಬಿರಡೆಯನ್ನು ಅತ್ತಿತ್ತ ತಿರುಗಿಸುತ್ತಾ ಉಜ್ಜಿ. ಸುತ್ತಲೂ ಒಂದೇ ಸಮ ಮಂಕು ಬೂದು ಬಣ್ಣ ಬಂದರೆ ಸರಿಯಾಗಿ ಕೂತಿದೆ ಅಂತ. ಪೇಸ್ಟ್ ಪೂರ್ತಿ ಒರೆಸಿ, ಗ್ರೀಸ್ ಹಾಕಿ ಜೋಡಿಸಿ. ಖರ್ಚು ಏನೇನೂ ಇಲ್ಲ, ತೋಳು ನೋಯುತ್ತದೆ ಅಷ್ಟೇ.

ಹೊಸದರ ಮೇಲೆ ಅಚ್ಚೊತ್ತಿದ್ದನ್ನು ಓದಿ. ಸಿಡಬ್ಲ್ಯೂ 617ಎನ್ ಎಂದಿದ್ದರೆ ಅದು ಮನೆ ನಲ್ಲಿಯ ಹಿತ್ತಾಳೆ. ಉಪ್ಪುನೀರಲ್ಲಿ ಸತು ಕರಗಿ ಹೋಗಿ, ಕೊನೆಗೆ ತೂತುತೂತಾದ ತಾಮ್ರ ಉಳಿಯುತ್ತದೆ. ಚಾಕುವಿನಿಂದ ಕೆರೆಯಿರಿ. ಗುಲಾಬಿ ಬಣ್ಣ ಕಂಡರೆ ಬದಲಿಸಲೇಬೇಕು. 602ಎನ್ ಆದರೆ ಉಪ್ಪಿಗೆ ತಡೆದುಕೊಳ್ಳುವ ಹಿತ್ತಾಳೆ. ಏನೇ ಇರಲಿ, ಮುರಿದರೆ ತೂತಿಗೆ ಬಡಿಯಲು ಪ್ರತಿ ಸೀಕಾಕಿನ ಪಕ್ಕದಲ್ಲೊಂದು ಮರದ ಬೆಣೆ ಕಟ್ಟಿಡಿ.

ಮಲ್ಪೆ ಮೊಮ್ಮಗ:
ಮಾಸ್ಟ್ (ಹಾಯಿ ಕಂಬ) ಹಿಡಿದಿರುವ ತಂತಿಗಳಿಗೆ ಎಷ್ಟು ವಯಸ್ಸು? ಹತ್ತು ವರ್ಷ ದಾಟಿದ್ದರೆ ಎಷ್ಟೋ ವಿಮೆಯವರು ತಕರಾರು ತೆಗೆಯುತ್ತಾರೆ. ಟಿಶ್ಯೂ ಪೇಪರ್ ಸುತ್ತಿ ತಂತಿಯುದ್ದಕ್ಕೂ ಎಳೆಯಿರಿ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಎಳೆ ಮುರಿದಿದೆ. ಕೆಳತುದಿಯ ಹತ್ತಿರ ಜಾಸ್ತಿ ಹುಡುಕಿ. ಬರಿಗೈ ಆಡಿಸಬೇಡಿ, ನನ್ನ ಹೆಬ್ಬೆರಳಿಗೆ ಎರಡು ಹೊಲಿಗೆ ಬಿದ್ದಿವೆ.

ಕೀಲ್ ಬುಡಕ್ಕೆ ಒಳಗಿನಿಂದ ಬಲ ಕೊಡಿಸಿದ್ದಾರಾ ಅಂತ ಹಳೇ ರಸೀದಿಗಳಲ್ಲಿ ನೋಡಿ. ಕುಶನ್ ಸುಮ್ನೆ ಬಿಸಿಲಿಗೆ ಹಾಕಿ (ಎಸೆಕ್ಸ್‌ನಲ್ಲಿ ಬಿಸಿಲು ಬಂದರೆ!). ಮಳೆಗಾಲಕ್ಕೆ ದೋಣಿ ದಡಕ್ಕೆಳೆದಾಗ ನಮ್ಮಜ್ಜ ಬಣ್ಣದ ಡಬ್ಬ ತೆಗೆಯಲು ಕೊನೇ ವಾರದ ತನಕ ಬಿಡುತ್ತಿರಲಿಲ್ಲ.

ಕೆಸರುದಂಡೆ:
ನಟ್ಟುಬೋಲ್ಟು ಅವರೇ, ನಿಮ್ಮ ಬಾಯಿ! ಶನಿವಾರ ನೀರಿಳಿದ ಮೇಲೆ ನೋಡಿದೆ. 617ಎನ್. ಕೆರೆದರೆ ಹೊಸ ತಾಮ್ರದ ಚೊಂಬಿನ ಒಳಮೈ ಇದ್ದ ಹಾಗಿತ್ತು. ಪೈಪ್ ಸ್ವಲ್ಪ ಅಲ್ಲಾಡಿಸಿದ್ದಷ್ಟೇ, ಸೀಕಾಕಿನ ಮೂತಿ ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು. ಕೆಸರಿಗೆ ಇಳಿದು ಹೊರಗಿನಿಂದ ಬೆಣೆ ಬಡಿದೆ. ನೀರು ಏರುವಷ್ಟರಲ್ಲಿ ಒಂದು ಬೂಟು ಕೆಸರಿನ ಪಾಲು.

ತಂತಿಯ ರಸೀದಿ ಸಿಕ್ಕಿತು, 2009ರದ್ದು. ಕೀಲಿನದು ಇನ್ನೂ ಸಿಕ್ಕಿಲ್ಲ. ಮುಂದಿನ ವಾರ ಕ್ರೇನ್‌ನಲ್ಲಿ ದಡಕ್ಕೆ. ಚಾರ್ಟ್‌ಪ್ಲಾಟರ್, ಕುಶನ್ ಎರಡನ್ನೂ ಪಟ್ಟಿಯಿಂದ ಹೊಡೆದು ಹಾಕಿದೆ. ಚಾವಣಿಯೂ ಈ ವರ್ಷಕ್ಕಿಲ್ಲ. ಚಹಾ ಲೋಟಕ್ಕೊಂದು ಮುಚ್ಚಳ ತಂದಿದ್ದೇನೆ.